ಜಿನ್ನಿಂಗ್ ಮಿಲ್ಲಿನ ಒಂದು ನಿಮಿಷ

ಈ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು ಯಾವ ಮೈಕು ಒಳ್ಳೆಯದು ಎಂದು. ಯಾವ ಮೈಕಾದರೂ ನಡೆಯುತ್ತದೆ. ಕಿವಿಯನ್ನು ಎಷ್ಟು ನಂಬಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ನನ್ನ ಬಳಿ ಉತ್ತರವೂ ಇಲ್ಲ. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಸಾಕ್ಷ್ಯಚಿತ್ರಗಳಿಗೆ ಧ್ವನಿ ಹಿಡಿದವನು ನಾನು. ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನು. ಅಳೆಯಲು ಬಾರದ್ದನ್ನು ಇದೆ ಎಂದು ಒಪ್ಪುವ ಜಾಯಮಾನ ನನ್ನದಲ್ಲ. ಹೋದ ವರ್ಷ ಹೆಡ್‌ಫೋನು ತೆಗೆದಿಟ್ಟು ಕಿತ್ತೂರಿನ ಮನೆಗೆ ಬಂದು ಕೂತಿದ್ದೇನೆ. ಕೂರುವುದೂ ಸರಿಯಾಗಿ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ಎಷ್ಟು ಕೇಳಿದ್ದು, ಎಷ್ಟು ಆಮೇಲೆ ನೆನಪು ತಾನೇ ಸೇರಿಸಿಕೊಂಡದ್ದು ಎಂದು ಹೇಳಲಾರೆ. ಬೇರೆ ಮಾಡಲು ಪ್ರಯತ್ನ ಮಾಡಿದ್ದೇನೆ, ಅಷ್ಟೆ.

ನನ್ನ ಮೊದಲ ದೊಡ್ಡ ತಪ್ಪು ನವಿಲುತೀರ್ಥದಲ್ಲಿ ಆಯಿತು. ಆಣೆಕಟ್ಟಿನ ಗೇಟುಗಳನ್ನು ವರ್ಷಾನುಗಟ್ಟಲೆ ನೋಡಿಕೊಂಡಿದ್ದ ಹಿರಿಯರೊಬ್ಬರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ತಮ್ಮ ಕಥೆ ಹೇಳಿದರು. ಆಗಿನ ಟೇಪು ಯಂತ್ರದಲ್ಲಿ ಕೆಂಪು ಗುಂಡಿ ಒಮ್ಮೆ ಒತ್ತಿದರೆ ಯಂತ್ರ ಸಿದ್ಧವಾಗುತ್ತಿತ್ತು, ಎರಡನೆಯ ಸಲ ಒತ್ತಿದರೆ ಓಡುತ್ತಿತ್ತು. ನಾನು ಒಮ್ಮೆ ಒತ್ತಿ ಕೂತಿದ್ದೆ. ಹೆಡ್‌ಫೋನಿನಲ್ಲಿ ಅವರ ಮಾತು, ಹಿಂದೆ ನೀರಿನ ಮೊರೆತ, ಎಲ್ಲ ಸ್ಪಷ್ಟವಾಗಿ ಬರುತ್ತಿತ್ತು. ಟೇಪಿನ ಮೇಲೆ ಏನೂ ಬರಲಿಲ್ಲ.

ನನ್ನ ಮೇಲಿನವರು ನಾಡಗೇರ ಸರ. ಟೇಪು ಹಚ್ಚಿ ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿದರು.

“ಭಾಳ ಛಲೋ ಹಿಡದೀಯಪಾ. ನೀರಿಲ್ಲ, ಮನಿಷ್ಯಾ ಇಲ್ಲ, ಡ್ಯಾಮೂ ಇಲ್ಲ. ಇಷ್ಟ ಸ್ವಚ್ಛ ಶಾಂತಿ ನಾ ಹಿಮಾಲಯದಾಗೂ ಕೇಳಿದ್ದಿಲ್ಲ.”

ಮರುದಿನ ಆ ಹಿರಿಯರು ಪಾಪ ಮತ್ತೆ ಕೂತು ಹೇಳಿದರು. ಕಥೆಗಳು ಅವೇ, ಆದರೆ ಎಲ್ಲವೂ ಸ್ವಲ್ಪ ಬೇರೆ. ಮೊದಲ ದಿನ ಪ್ರವಾಹದಲ್ಲಿ ತೇಲಿ ಬಂದದ್ದು ಎತ್ತು, ಎರಡನೆಯ ದಿನ ಕುದುರೆ. ಎರಡನೆಯದೇ ಚಿತ್ರದಲ್ಲಿ ಉಳಿಯಿತು. ಎತ್ತನ್ನು ಕೇಳಿದವನು ಈ ಲೋಕದಲ್ಲಿ ನಾನೊಬ್ಬನೇ. ಈಗೀಗ ಅದು ನಿಜವಾಗಿ ಎತ್ತೇ ಆಗಿತ್ತೇ ಎಂದು ನನಗೂ ಅನುಮಾನ.

ಅಂದಿನಿಂದ ನಾಡಗೇರ ಸರ ನನ್ನ ಕೈಗೆ ಒಂದು ನೋಟುಬುಕ್ಕು ಕೊಟ್ಟರು. ಪ್ರತಿ ತುಣುಕಿಗೂ ನಂಬರು, ಜಾಗ, ಷರಾ ಬರೆಯಬೇಕು. ಪೆನ್ಸಿಲಿನಲ್ಲೇ ಬರೆಯಬೇಕು, ಮಳೆಗೆ ಪೆನ್ನಿನ ಅಕ್ಷರ ಕರಗುತ್ತದೆ. ಆಮೇಲೆ ನಾನು ಕೆಲಸದ ಜಾಗಕ್ಕೆ ಪೆನ್ನು ಒಯ್ದದ್ದೇ ಇಲ್ಲ.

ನಗೆಪಾಟಲಿಗೂ ಈ ಕೆಲಸದಲ್ಲಿ ಕೊರತೆ ಇಲ್ಲ. ನೇಸರಗಿಯ ಸಂತೆಯಲ್ಲಿ ಉದ್ದನೆಯ ಕೋಲಿನ ತುದಿಗೆ, ಗಾಳಿ ತಡೆಯುವ ತುಪ್ಪಳದ ಚೀಲ ಹಾಕಿದ ಮೈಕು ಹಿಡಿದು ನಿಂತಿದ್ದಾಗ, ಮೆಣಸಿನಕಾಯಿ ಮಾರುವ ಮುದುಕಿಯೊಬ್ಬಳು ತಲೆ ಎತ್ತಿ ನೋಡಿ, “ಯಪ್ಪಾ, ಸತ್ತ ಬೆಕ್ಕಿನ್ನ ಯಾಕ ಮೆರಸಾಕತ್ತಿ? ಒಯ್ದು ಹುಗೀ ಹೋಗ,” ಎಂದಳು. ಇಡೀ ಸಂತೆ ನಕ್ಕಿತು. ಆ ನಗು ಚಿತ್ರದಲ್ಲಿದೆ.

ಟೇಪು ಹೋಗಿ ಕಾರ್ಡು ಬಂದದ್ದು ನಾನು ಕಂಡ ದೊಡ್ಡ ಬದಲಾವಣೆ. ಟೇಪನ್ನು ಅಳಿಸಬೇಕಾದರೆ ಅಳಿಸಲೇಬೇಕೆಂದು ಕೂರಬೇಕಾಗಿತ್ತು. ಅಳಿಸಿದ ಮೇಲೂ ಕೆಲವೊಮ್ಮೆ ಹಳೆಯ ಧ್ವನಿ ಹೊಸದರ ಕೆಳಗೆ ಮಸುಕಾಗಿ ಉಳಿಯುತ್ತಿತ್ತು. ಕಾರ್ಡು ಹಾಗಲ್ಲ. ಅದರ ಮೇಲೆ ಹೊಸದು ಬರೆದರೆ ಹಳೆಯದರ ಗುರುತೂ ಉಳಿಯುವುದಿಲ್ಲ. ಇದು ವಿಜ್ಞಾನ. ಮುಂದೆ ಬರೆಯುವುದನ್ನು ಓದುವಾಗ ಇದನ್ನು ಮರೆಯಬೇಡಿ. ನಾನೂ ಮರೆತಿಲ್ಲ.

ಒಂದು ಪದ್ಧತಿ ಮಾತ್ರ ಬದಲಾಗಲಿಲ್ಲ. ಎಲ್ಲಿ ಕೆಲಸ ಮಾಡಿದರೂ ಕೊನೆಗೆ ಎಲ್ಲರೂ ನಿಂತಲ್ಲೇ ನಿಂತು, ಮಾತಾಡದೆ, ಆ ಜಾಗದ ಖಾಲಿ ಸದ್ದನ್ನು ಒಂದು ನಿಮಿಷ ಹಿಡಿಯಬೇಕು. ಮಾತಿನ ನಡುವೆ ಕತ್ತರಿಸಿದ ಕಡೆ ತುಂಬಲು ಅದು ಬೇಕು. ಪ್ರತಿ ಕೋಣೆಯ ಮೌನ ಬೇರೆ. ಒಂದು ಕೋಣೆಯದನ್ನು ಇನ್ನೊಂದಕ್ಕೆ ಹಾಕಿದರೆ ಕೇಳುವವನಿಗೆ ಕಾರಣ ತಿಳಿಯದೆ ಕಸಿವಿಸಿಯಾಗುತ್ತದೆ. ಹೊಸಬರಿಗೆ ಆ ನಿಮಿಷ ಬೇಸರ. ನನಗೆ ಅದರಲ್ಲಿ ಯಾವಾಗಲೂ ಸ್ವಲ್ಪ ಭಯವಿತ್ತು. ಹತ್ತು ಜನ ಜೀವಂತ ಮನುಷ್ಯರು ಕಲ್ಲಿನಂತೆ ನಿಂತಿರುತ್ತಾರೆ. ಕಿವಿಯಲ್ಲಿ ಕೇಳುವುದು ಅವರದಲ್ಲ, ಜಾಗದ ಉಸಿರಾಟ.

ನನ್ನ ಕೊನೆಯ ಕೆಲಸ ಒಂದು ರಾಕ್ ಬ್ಯಾಂಡಿನ ಚಿತ್ರ. ಬೈಲಹೊಂಗಲದ ಸುತ್ತಿನ ನಾಲ್ಕು ಜನ ‘ಎರಿಹೊಲ’ ಎಂದು ಹೆಸರಿಟ್ಟುಕೊಂಡು ತಮ್ಮ ಮೊದಲ ಆಲ್ಬಮ್ ಮಾಡುತ್ತಿದ್ದರು. ಅದು ಆಗುವುದನ್ನು ಮೊದಲಿಂದ ಕೊನೆಯವರೆಗೆ ಚಿತ್ರೀಕರಿಸಲು ಬೆಳಗಾವಿಯ ನಿರ್ದೇಶಕಿ ವಸುಧಾ ಬಂದಿದ್ದಳು. ಆಲ್ಬಮ್ಮಿನ ಹಾಡುಗಳನ್ನು ಹಿಡಿಯುವುದೂ ಚಿತ್ರದ ಧ್ವನಿ ಹಿಡಿಯುವುದೂ ಎರಡೂ ನನ್ನ ಪಾಲಿಗೆ ಬಂತು. ಹಾಡುವವನು ಕಟಕೋಳದ ಈರಣ್ಣ. ಗಿಟಾರಿಗೆ ಮುನವಳ್ಳಿಯ ಅಣ್ಣತಮ್ಮ ಇಬ್ಬರು. ಡ್ರಮ್ಮಿಗೆ ಬೈಲಹೊಂಗಲದ ದಾದಾಪೀರ.

ಅವರಿಗೆ ಸ್ಟುಡಿಯೋ ಬೇಡವಾಗಿತ್ತು. ಊರ ಹೊರಗೆ, ಹತ್ತಿಯಿಂದ ಬೀಜ ಬಿಡಿಸುತ್ತಿದ್ದ, ಈಗ ಮುಚ್ಚಿ ಹೋದ ಒಂದು ಜಿನ್ನಿಂಗ್ ಮಿಲ್ಲು ಹುಡುಕಿದ್ದರು. ಯಂತ್ರಗಳು ಹೋಗಿದ್ದವು. ಗೋಡೆಗೆ ಆಳೆತ್ತರದವರೆಗೂ ಹತ್ತಿಯ ಎಳೆ ಕಂಬಳಿಯ ಹಾಗೆ ಅಂಟಿಕೊಂಡಿತ್ತು. ಹತ್ತಿ ಸದ್ದನ್ನು ಕುಡಿಯುತ್ತದೆ, ಮೇಲಿನ ತಗಡಿನ ಮಾಡು ತಿರುಗಿ ಕೊಡುತ್ತದೆ. ಹೀಗಾಗಿ ಅಲ್ಲಿ ಪಕ್ಕದಲ್ಲಿ ನಿಂತವನು ಮಾತಾಡಿದರೂ ಧ್ವನಿ ನೆತ್ತಿಯ ಮೇಲಿಂದ ಬರುತ್ತಿತ್ತು. ಕಾರಣ ಗೊತ್ತಿದ್ದೂ ಮೊದಲ ದಿನ ನಾನು ಎಷ್ಟೋ ಸಲ ತಲೆ ಎತ್ತಿ ನೋಡಿದೆ.

ದಾದಾಪೀರನಿಗೆ ವಾದ್ಯ ಕಲಿಸಿದ್ದು ಅವನ ತಂದೆ ಮಕ್ತುಮಸಾಬರು. ಅವರು ಟೆಂಪೋ ಡ್ರೈವರು. ಮೊಹರಮ್ಮಿನ ಮೆರವಣಿಗೆಯಲ್ಲಿ, ಹಸ್ತದ ಆಕಾರದ ಪಂಜಾದ ಮುಂದೆ ತಾಸೆ ವಾದ್ಯ ಬಾರಿಸುವುದು ಅವರ ಮನೆಯ ಪಾಳಿ. ಮಗನ ಡ್ರಮ್ ಸೆಟ್ಟನ್ನು ದಿನವೂ ಬೆಳಿಗ್ಗೆ ತಮ್ಮದೇ ಟೆಂಪೋದಲ್ಲಿ ತಂದು ಮಿಲ್ಲಿನ ಬಾಗಿಲಿಗೆ ಇಳಿಸುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ.

“ಬರ್ರಿ ಸಾಬರ, ಮಗಾ ಬಾರಸೋದು ಕೇಳ್ರಿ,” ಎಂದು ನಾನು ಕರೆದೆ.

“ಪಂಜಾದ ಮುಂದ ಬಾರಸೋದು ಬ್ಯಾರೆ ಸರ, ಈ ಧಾಂಗಡಧಿಂಗಡ ಬ್ಯಾರೆ. ಎಲ್ಲಾ ಮುಗೀಲಿ. ಕಡೀ ಹಾಡು ಒಂದು ಕೇಳತೇನಿ. ಅಷ್ಟರಾಗ ಕಲತಿದ್ರ ಕಲತಾನು.”

ಒಳಗಿನಿಂದ ದಾದಾಪೀರ ಕೂಗಿದ. “ಅಪ್ಪಾನ ಬಿಡ್ರಿ ಸರ! ಅವಂಗ ಈ ಹಾಡ ಕೇಳಿಸಿದ್ರ ಟೆಂಪೋ ಗೇರ ಮರತಾನು!”

ಸಾಬರು ನಗಲಿಲ್ಲ. ಆದರೆ ಟೆಂಪೋ ತಿರುಗಿಸಿ ಹೋಗುವಾಗ ಬಾಗಿಲ ಹತ್ತಿರ ಎಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಅದನ್ನು ನಾನು ಹೆಡ್‌ಫೋನಿನಲ್ಲಿ ಗುರುತಿಸಿದ್ದೆ.

ದಾದಾಪೀರನಿಗೆ ಒಂದು ರೂಢಿ. ಹಾಡು ಎತ್ತುವ ಮೊದಲು ಕೋಲಿನಿಂದ ಡ್ರಮ್ಮಿನ ಅಂಚಿಗೆ ಮೂರು ಸಲ ತಟ್ಟುತ್ತಿದ್ದ. ನಾಲ್ಕನೆಯದನ್ನು ತಟ್ಟುತ್ತಿರಲಿಲ್ಲ. ಆ ಖಾಲಿ ಜಾಗದಲ್ಲಿ ಈರಣ್ಣ ಉಸಿರು ಎಳೆದುಕೊಂಡು ಹಾಡು ಹಿಡಿಯಬೇಕು. ತಾಸೆಯಲ್ಲೂ ಹೀಗೆಯೇ ಅಂತೆ.

ಆರು ಹಾಡು ಮುಗಿದವು. ಏಳನೆಯದು, ಕೊನೆಯದು, ದಾದಾಪೀರನೇ ಕಟ್ಟಿದ್ದು. ಅದನ್ನು ಹಿಡಿದದ್ದು ಬಿರುಬಿಸಿಲಿನ ಒಂದು ಮಧ್ಯಾಹ್ನ. ಆ ಕಾವಿಗೆ ಕ್ಯಾಮೆರಾ ತಾನೇ ಬಂದ್ ಆಯಿತು. ವಸುಧಾ, “ಇರಲಿ ಸರ್, ಧ್ವನಿ ತಗೊಳ್ಳಿ, ಚಿತ್ರ ನಾಳೆ ನೋಡೋಣ,” ಎಂದಳು. ನನ್ನ ಯಂತ್ರದಲ್ಲಿ ಎರಡು ಕಾರ್ಡು ಹಾಕುವ ಸೌಕರ್ಯವಿತ್ತು, ಎರಡನೆಯದು ಕೆಟ್ಟು ತಿಂಗಳಾಗಿತ್ತು. ಹಾಗಾಗಿ ಏಳನೆಯ ಹಾಡು ಇದ್ದದ್ದು ನನ್ನ ಒಂದು ಕಾರ್ಡಿನಲ್ಲಿ ಮಾತ್ರ. ಹಾಡು ಮುಗಿಯಿತು. ಆಮೇಲೆ ಈರಣ್ಣ, “ಇದನ್ನ ಮತ್ತ ಮುಟ್ಟೂದು ಬ್ಯಾಡ,” ಎಂದ.

ಸಂಜೆ ಕಿತ್ತೂರಿಗೆ ಬಂದು ಕಾರ್ಡಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ನಕಲು ಮಾಡಲು ಹಚ್ಚಿದೆ. ನಕಲು ಮುಗಿದ ಮೇಲೆ ನೋಟುಬುಕ್ಕಿನಲ್ಲಿ ಸರಿ ಗುರುತು ಹಾಕಬೇಕು. ನನಗೆ ವರ್ಷಗಳಿಂದ ಒಂದು ಕೆಟ್ಟ ಚಟ. ನಕಲು ಶುರುವಾದ ಕೂಡಲೇ ಗುರುತು ಹಾಕಿ ಚಹಾಕ್ಕೆ ಏಳುತ್ತಿದ್ದೆ. ಅಂದೂ ಹಾಕಿದೆ. ಕರೆಂಟು ಹೋಯಿತು. ನನ್ನ ಹಳೆಯ ಕಂಪ್ಯೂಟರಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು, ಅದೂ ಆರಿತು. ಕರೆಂಟು ಬರಲಿ ಎಂದು ಕೂತಿದ್ದಾಗ ಈರಣ್ಣನ ಫೋನು ಬಂತು. ಸವದತ್ತಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿಗೆ ದಾದಾಪೀರನ ಬೈಕು ಬಡಿದಿತ್ತು. ಟ್ರೇಲರಿಗೆ ದೀಪವಿರಲಿಲ್ಲ. ಆಸ್ಪತ್ರೆಗೆ ಒಯ್ಯುವ ಮಾತೇ ಉಳಿದಿರಲಿಲ್ಲ.

ಮರುದಿನ ದಫನ್ ಆಯಿತು. ಮಕ್ತುಮಸಾಬರು ನನ್ನ ಕೈ ಹಿಡಿದು ಒಂದೇ ಮಾತು ಕೇಳಿದರು.

“ಕಡೀ ಹಾಡು ಮುಗಿದಿತ್ತೇನ್ರಿ?”

“ಮುಗಿದಿತ್ರಿ.”

“ಐತಲ್ಲ ನಿಮ್ಮ ಹತ್ರ?”

“ಐತ್ರಿ.”

“ನಾ ಒಳಗ ಬರಬೇಕಾಗಿತ್ತು ಸರ. ಆತು. ಮನಸ್ಸು ತಡಕೊಳ್ಳಲಿ. ಆಮ್ಯಾಲ ಕೇಳಸ್ರಿ.”

ಮೂರನೆಯ ದಿನ ವಸುಧಾ ಖಾಲಿ ಮಿಲ್ಲನ್ನು ಚಿತ್ರೀಕರಿಸಬೇಕೆಂದಳು. ವಾದ್ಯಗಳು ಇದ್ದ ಹಾಗೇ ಇದ್ದವು, ಡ್ರಮ್ಮಿನ ಹಿಂದಿನ ಸ್ಟೂಲೂ. ನಾನು ನೋಟುಬುಕ್ಕು ತೆರೆದೆ, ಸರಿ ಗುರುತು ಕಂಡಿತು, ಕಾರ್ಡು ಖಾಲಿ ಮಾಡಿದೆ. ಒಂದು ಗುಂಡಿ. ಆಮೇಲೆ ಅದರಲ್ಲೇ ದಿನವಿಡೀ ಮಿಲ್ಲಿನ ಸದ್ದು ಹಿಡಿದೆ. ಪಾರಿವಾಳ, ಗಾಳಿ, ತಗಡು ಕಾಯ್ದು ಸಿಡಿಯುವುದು. ಕೊನೆಗೆ ಪದ್ಧತಿಯ ಆ ಒಂದು ನಿಮಿಷ.

ಆ ನಿಮಿಷದಲ್ಲಿ ಒಳಗಿದ್ದವರು ನಾನು, ವಸುಧಾ, ಈರಣ್ಣ. ಈರಣ್ಣ ತನ್ನ ಎಂದಿನ ಮೈಕಿನ ಮುಂದೆ ನಿಂತಿದ್ದ, ಡ್ರಮ್ಮಿಗೆ ಬೆನ್ನು ಮಾಡಿ. ಸುಮಾರು ಅರ್ಧ ನಿಮಿಷ ಕಳೆದಾಗ ನನ್ನ ಹೆಡ್‌ಫೋನಿನಲ್ಲಿ ಡ್ರಮ್ಮಿನ ಅಂಚಿಗೆ ಮೂರು ಸಲ ತಟ್ಟಿದ್ದು ಕೇಳಿಸಿತು. ನಾನು ನೋಡುತ್ತಿದ್ದದ್ದು ಯಂತ್ರದ ಮೀಟರನ್ನು. ಅದು ಅಲುಗಲಿಲ್ಲ. ಸದ್ದು ಬಂದರೆ ಅದು ಅಲುಗಲೇಬೇಕು. ಮೂರರ ನಂತರ ಖಾಲಿ ಜಾಗ ಬಂತು, ಮತ್ತು ಆ ಖಾಲಿ ಜಾಗದಲ್ಲಿ, ಹೆಡ್‌ಫೋನು ಹಾಕಿರದ ಈರಣ್ಣ ಹಾಡು ಹಿಡಿಯುವವನ ಹಾಗೆ ಎದೆ ತುಂಬ ಉಸಿರು ಎಳೆದುಕೊಂಡ.

ಹಾಡಲಿಲ್ಲ. ಅಲ್ಲೇ ಕುಸಿದು ಕೂತ.

“ಏನ್ ಕೇಳಿಸ್ತೋ ಈರಣ್ಣ?” ಎಂದೆ.

“ಏನೂ ಇಲ್ರಿ. ನೀವ ಕೈ ಎತ್ತಿ ಸನ್ನಿ ಮಾಡಿದ್ರೆಲ್ಲ.”

ನಾನು ಕೈ ಎತ್ತಿದ ನೆನಪು ನನಗಿಲ್ಲ. ವಸುಧಾಳನ್ನು ಕೇಳಿದೆ, ಅವಳು ಸ್ಟೂಲನ್ನು ನೋಡುತ್ತಿದ್ದಳಂತೆ. ಕೈ ಎತ್ತಿದ್ದೆ ಎಂದೇ ಇಟ್ಟುಕೊಳ್ಳೋಣ. ದುಃಖದಲ್ಲಿರುವ ಮಿದುಳು ರೂಢಿಯ ಸದ್ದನ್ನು ತಾನೇ ಹುಟ್ಟಿಸುತ್ತದೆ, ಕೈಯೂ ಅದಕ್ಕೆ ತಕ್ಕಂತೆ ಏಳುತ್ತದೆ. ಈ ವಿವರಣೆಯಲ್ಲಿ ತಪ್ಪಿಲ್ಲ. ಆ ಮಧ್ಯಾಹ್ನ ಮಿಲ್ಲಿನಿಂದ ಮೊದಲು ಹೊರಬಿದ್ದವನು ಮಾತ್ರ ನಾನು.

ಮನೆಗೆ ಬಂದು ಏಳನೆಯ ಹಾಡು ಹುಡುಕಿದೆ. ಕಂಪ್ಯೂಟರಿನಲ್ಲಿ ಹೆಸರು ಇತ್ತು, ಒಳಗೆ ಏನೂ ಇರಲಿಲ್ಲ. ಕಾರ್ಡನ್ನು, ಅಳಿಸಿದ್ದನ್ನು ಮರಳಿ ತೆಗೆದುಕೊಡುವ ಹುಬ್ಬಳ್ಳಿಯ ಪರಿಚಯದವನೊಬ್ಬನಿಗೆ ತೋರಿಸಿದೆ. “ಇದರ ಮ್ಯಾಲ ಎಷ್ಟು ತಾಸು ಬರದೀರಿ ಸರ? ಎಲ್ಲಾ ಹೋಗೇತಿ,” ಎಂದ. ಮಿಲ್ಲಿನ ಆ ನಿಮಿಷವನ್ನು ಹತ್ತಾರು ಸಲ ಕೇಳಿದೆ. ಮೂರು ತಟ್ಟು ಅದರಲ್ಲಿ ಇರಲಿಲ್ಲ. ಈರಣ್ಣನ ಉಸಿರು ಇತ್ತು, ಅವನು ಕೂತ ಸದ್ದು ಇತ್ತು. ಅಷ್ಟೆ.

ನಾನು ಯಾರಿಗೂ ಹೇಳಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಈರಣ್ಣ ಕೇಳಿದಾಗ “ಕೆಲಸ ನಡದೈತಿ” ಎಂದೆ. ಮಕ್ತುಮಸಾಬರು ಎರಡು ಸಲ ಫೋನು ಮಾಡಿದರು, ಎರಡು ಸಲವೂ “ಮುಂದಿನ ವಾರ” ಎಂದೆ. ಮುದುಕನೊಬ್ಬನಿಗೆ ಅವನ ಮಗನದೆಂದು ಉಳಿದಿದ್ದ ಒಂದೇ ವಸ್ತುವನ್ನು ನಾನು ಚಹಾದ ಅವಸರಕ್ಕೆ ಕಳೆದಿದ್ದೆ. ಅದನ್ನು ಅವರ ಮುಖ ನೋಡಿ ಹೇಳುವುದು ನನ್ನಿಂದ ಆಗಲಿಲ್ಲ.

ದಾದಾಪೀರ ತೀರಿದ ನಲವತ್ತನೆಯ ದಿನ ಮುಗಿದ ಮೇಲೆ, ಹೇಳಿಯೇ ಬಿಡಬೇಕೆಂದು ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋದೆ. ಕಾರ್ಡು ತೋರಿಸಿ ಹೇಳೋಣವೆಂದು ಯಂತ್ರವನ್ನೂ ಒಯ್ದಿದ್ದೆ. ಅದೇ ತಪ್ಪಾಯಿತು. ಸಾಬರು ಯಂತ್ರದ ಚೀಲ ನೋಡಿದವರೇ ಕೈಕಾಲು ತೊಳೆದು ಬಂದು ಕೂತರು.

“ತಂದ್ರೇನು? ಕುಂತ್ರಿ, ಕುಂತ್ರಿ. ಚಹಾ ಆಮ್ಯಾಲ. ಹಚ್ರಿ.”

“ಸಾಬರ, ಮೊದ್ಲ ನಾ ಒಂದ ಮಾತ ಹೇಳಬೇಕು...”

“ಮಾತ ಎಲ್ಲಿ ಹೋಕ್ಕಾವ್ರಿ. ಹಚ್ರಿ ಮೊದ್ಲ.” ಹೆಡ್‌ಫೋನನ್ನು ತಾವೇ ಎತ್ತಿ ಕಿವಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು.

ನಾನು ಗುಂಡಿ ಒತ್ತಿದೆ. ಹೇಡಿಯೊಬ್ಬ ಮಾಡುವುದನ್ನು ಮಾಡಿದೆ. ಕಾರ್ಡಿನಲ್ಲಿದ್ದದ್ದು ಮಿಲ್ಲಿನ ಸದ್ದುಗಳು ಮಾತ್ರ. ಕೈಗೆ ಸಿಕ್ಕಿದ್ದು ಆ ಒಂದು ನಿಮಿಷ. ಅವರು ಏನೂ ಇಲ್ಲವಲ್ಲ ಎನ್ನುತ್ತಾರೆ, ಆಗ ಹೇಳಿದರಾಯಿತು ಎಂದುಕೊಂಡೆ.

ಅವರು ಏನೂ ಅನ್ನಲಿಲ್ಲ. ಅರ್ಧ ನಿಮಿಷದ ಹೊತ್ತಿಗೆ ಅವರ ಬಲಗೈ ಬೆರಳು ಮೊಣಕಾಲ ಮೇಲೆ ಆಡತೊಡಗಿತು. ಒಂದು ನಿಮಿಷಕ್ಕೆ ಯಂತ್ರ ನಿಂತಿತು. ನಿಂತದ್ದನ್ನು ಕಣ್ಣಾರೆ ನೋಡಿದೆ. ಬೆರಳು ನಿಲ್ಲಲಿಲ್ಲ. ಎಡಗೈಯೂ ಸೇರಿತು. ಎರಡು ನಿಮಿಷ, ಮೂರು ನಿಮಿಷ. ನಿಂತ ಯಂತ್ರದ ತಂತಿಯ ಇನ್ನೊಂದು ತುದಿಯಲ್ಲಿ ಅವರು ತಲೆ ತೂಗುತ್ತಿದ್ದರು. ಐದು ನಿಮಿಷಕ್ಕೆ ಸ್ವಲ್ಪ ಮೊದಲು ಎರಡೂ ಕೈ ಒಟ್ಟಿಗೆ ನಿಂತವು. ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಕಲತಿದ್ದಾ,” ಎಂದರು. ಆಮೇಲೆ, “ಎರಡನೇ ಚರಣ ಆದ ಮ್ಯಾಲ ಎಡಗೈಯಾಗಿನ ಕೋಲು ಜಾರೇತಿ. ಆದ್ರ ನಿಂತಿಲ್ಲ ಮಗಾ. ಒಂದ ಕೈಯಾಗ ಹೊಡಕೋತ ಇನ್ನೊಂದು ಕೋಲು ತಗೊಂಡಾನ. ಬ್ಯಾರೆದಾವ್ರಿಗೆ ಗೊತ್ತ ಆಗಾಂಗಿಲ್ಲ.”

ನನಗೆ ಗೊತ್ತಿತ್ತು. ಅಥವಾ ಅವರು ಹೇಳಿದ ಕ್ಷಣದಲ್ಲಿ ಗೊತ್ತಾಯಿತು. ಎರಡನೆಯ ಚರಣ ಮುಗಿಯುವಾಗ ದಾದಾಪೀರನ ಕೋಲು ಕೈಯಿಂದ ಹಾರಿ ಹತ್ತಿಯ ಗೋಡೆಗೆ ಬಡಿದು, ಸದ್ದಿಲ್ಲದೆ ಕೆಳಗೆ ಬಿದ್ದದ್ದು ಕಣ್ಣಿಗೆ ಕಟ್ಟಿದಂತೆ ಕಾಣಿಸಿತು.

“ಸಾಬರ,” ಎಂದೆ, “ಅದರಾಗ ಏನೂ ಇಲ್ರಿ. ಹಾಡು ನಾ ಅಳಿಸೇನಿ. ನನ್ನ ತಪ್ಪಿಂದ ಅಳಿಸಿ ಹೋತು. ನೀವು ಕೇಳಿದ್ದು ಖಾಲಿ ಮಿಲ್ಲು.”

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

“ನಿಮಗ ಕೇಳಸಾಂಗಿಲ್ಲೇನ್ರಿ?”

“ಇಲ್ರಿ.”

“ವಯಸ್ಸಾತ್ರಿ ಸರ. ಕಿವಿ ತೋರಿಸ್ಕೋರಿ ಒಮ್ಮೆ,” ಎಂದು ಒಳಗೆ ಚಹಾ ಕೂಗಿದರು.

ಅವರು ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಬೈಯುವ ಕೆಲಸವನ್ನು ಮರುದಿನ ಈರಣ್ಣ ಪೂರ್ತಿ ಮಾಡಿದ. ಅವನಿಗೂ ವಸುಧಾಳಿಗೂ ಎಲ್ಲ ಹೇಳಿದ್ದೆ. “ನಲವತ್ತ ದಿನ ನಮ್ಮ ಮಾರಿ ನೋಡಿ ಸುಳ್ಳ ಹೇಳಿದ್ರೆಲ್ಲ! ನಿಮಗ ಸರ ಅಂತ ಕರದ್ನಲ್ಲೋ ನಾ!” ಎಂದ. ಆಲ್ಬಮ್ಮು ಆರು ಹಾಡಿಗೇ ಬಂತು. ವಸುಧಾ ಚಿತ್ರ ಮುಗಿಸಿದಳು, ನನ್ನನ್ನು ಮತ್ತೆ ಕರೆಯಲಿಲ್ಲ. ನಾನಾಗಿದ್ದರೂ ಕರೆಯುತ್ತಿರಲಿಲ್ಲ.

ಅಂದು ಈರಣ್ಣ ಬೈದು ಸುಸ್ತಾದ ಮೇಲೆ ಒಂದು ಪ್ರಶ್ನೆ ಕೇಳಿದ್ದೆ. ಆ ಹಾಡಿನಲ್ಲಿ ಕೋಲು ಜಾರಿತ್ತೇ? “ಇಲ್ಲ. ಏನೂ ತಪ್ಪಿದ್ದಿಲ್ಲ. ಅದಕ್ಕ ಅದನ್ನ ಇಟಗೊಂಡ್ವಿ,” ಎಂದ. ಮುನವಳ್ಳಿಯ ಅಣ್ಣ ಜಾರಿತ್ತು ಎನ್ನುತ್ತಾನೆ, ತಮ್ಮ ಇಲ್ಲ ಎನ್ನುತ್ತಾನೆ. ನೋಟುಬುಕ್ಕು ತೆಗೆದು ನೋಡಿದೆ. ಏಳನೆಯ ಹಾಡಿನ ಎದುರು, ಷರಾ ಬರೆಯುವ ಜಾಗದಲ್ಲಿ, ‘ಕೋಲು ಬಿತ್ತು, ೨ನೇ ಚರಣ’ ಎಂದಿದೆ. ಅಕ್ಷರ ನನ್ನದೇ. ಇಡೀ ಪುಟ ಪೆನ್ಸಿಲಿನದು, ಈ ಸಾಲು ಮಾತ್ರ ನೀಲಿ ಪೆನ್ನು. ಸಾಬರ ಮನೆಯಿಂದ ಬಂದ ಮೇಲೆ ಬರೆದೆನೇ? ಬರೆದಿರಬಹುದು. ಹಾಗೆಂದು ಯಾರ ಮುಂದೆಯೂ ಪ್ರಮಾಣ ಮಾಡಲಾರೆ.

ಆಮೇಲೊಂದು ದಿನ ಮಕ್ತುಮಸಾಬರು ನನ್ನ ಮನೆಗೆ ಬಂದು ಆ ನಿಮಿಷವನ್ನು ಪೆನ್ ಡ್ರೈವಿನಲ್ಲಿ ಹಾಕಿಸಿಕೊಂಡು ಹೋದರು. ಹೋದ ತಿಂಗಳು ನೇಸರಗಿಯ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡು, “ಬರ್ರಿ ಸರ, ಸವದತ್ತಿ ಕಡೆ ಹೊಂಟೇನಿ, ಬೈಲಹೊಂಗಲಕ ಬಿಡತೇನಿ,” ಎಂದು ಟೆಂಪೋ ಹತ್ತಿಸಿಕೊಂಡರು. ಮಾತಾಡುತ್ತ ಬೈಲಹೊಂಗಲ ದಾಟಿದ್ದು ಇಬ್ಬರಿಗೂ ತಿಳಿಯಲಿಲ್ಲ. ಅಥವಾ ಅವರಿಗೆ ತಿಳಿದಿತ್ತು. ಹೊರಟಾಗಲೇ ಟೆಂಪೋದ ಸ್ಟೀರಿಯೋಗೆ ಪೆನ್ ಡ್ರೈವು ಚುಚ್ಚಿದ್ದರು. ಅದರಲ್ಲಿದ್ದ ಒಂದು ನಿಮಿಷ ಮುಗಿದು ಎಷ್ಟೋ ಹೊತ್ತಾಗಿತ್ತು. ಮತ್ತೆ ಹಚ್ಚಿದ್ದನ್ನು ನಾನು ನೋಡಲಿಲ್ಲ, ಸ್ಟೀರಿಯೋದ ಮೇಲೆ ಯಾವ ಅಂಕಿಯೂ ಓಡುತ್ತಿರಲಿಲ್ಲ. ಅವರ ಬೆರಳು ಸ್ಟೇರಿಂಗಿನ ಮೇಲೆ ಆಡುತ್ತಿತ್ತು. ನನಗೆ ಕೇಳುತ್ತಿದ್ದದ್ದು ಎಂಜಿನ್ ಒಂದೇ.

ಸವದತ್ತಿ ರಸ್ತೆಯಲ್ಲಿ ದಾದಾಪೀರ ಬಿದ್ದ ಆ ತಿರುವು ಬಂತು. ಸಾಬರು ವೇಗ ಇಳಿಸಲಿಲ್ಲ, ಆ ಕಡೆ ನೋಡಲೂ ಇಲ್ಲ. ಎಡಗೈ ಚಾಚಿ ಗುಂಡಿ ತಿರುಗಿಸಿ ಸ್ಟೀರಿಯೋದ ಆವಾಜನ್ನು ಮೆಲ್ಲಗೆ ತಗ್ಗಿಸಿದರು.

ಎಂಜಿನ್ನಿನ ಸದ್ದು ಇದ್ದಷ್ಟೇ ಇತ್ತು. ಆದರೆ ಏನೋ ಒಂದು ಸಣ್ಣಗಾದದ್ದು ನನಗೆ ಕೇಳಿಸಿತು.